ಗೋತೀರ್ಥದ ಮೋಕ್ಷಮೂಲರ ಭಟ್ಟ

ಮುಂಬಯಿಯ ಕಾಲಾಘೋಡಾ ಭಾಗದಲ್ಲಿ ಜರ್ಮನ್ ಭಾಷೆಯನ್ನು ಕಲಿಸುವ ಸಂಸ್ಥೆಯೊಂದುಂಟು. ಅದರ ಫಲಕದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಓದಿರುವಿರಿ. ಪುಣೆ, ದೆಹಲಿ, ಕಲಕತ್ತೆ, ಬೆಂಗಳೂರುಗಳಲ್ಲಿಯೂ ಅದೇ ಹೆಸರಿನ ಭವನಗಳಿವೆ. ನಮ್ಮ ದೇಶದ ಇಷ್ಟು ನಗರಗಳಲ್ಲಿ ಯಾರ ಹೆಸರು ನಿಂತಿರುವುದೋ ಆತನು ತನ್ನ ಎಪ್ಪತ್ತಾರು ವರ್ಷಗಳ ಬಾಳಿನಲ್ಲಿ ಒಂದು ಸಲವೂ ಭಾರತದ ನೆಲವನ್ನು ಮೆಟ್ಟಿದವನಲ್ಲ. ಆದರೂ ನಮ್ಮ ವಿಜಯನಗರದ ಅರಸರ ಆಶ್ರಯದಲ್ಲಿ ಹುಟ್ಟಿದ ಋಗ್ವೇದದ ಸಾಯಣಭಾಷ್ಯವು ಮೊತ್ತಮೊದಲು ಸಂಪೂರ್ಣವಾಗಿ ಅಚ್ಚಾದದ್ದು ಆತನ ಕೈಯಿಂದ. ಹಳೆಯ ಗ್ರಂಥವೊಂದರ ಅರ್ಥವನ್ನು ನಿರ್ಣಯಿಸುವ ಬಗೆ ಯಾವುದು, ಪರಂಪರೆಯಿಂದ ಬಂದ ವ್ಯಾಖ್ಯಾನಕಾರನ ಮಾತನ್ನು ಎಲ್ಲಿಯವರೆಗೆ ಕೇಳಬೇಕು, ಎಲ್ಲಿ ಅದನ್ನು ಬಿಟ್ಟು ಮುಂದೆ ಹೋಗಬೇಕು ಎಂಬ ಪ್ರಶ್ನೆಯು ಬಾಳಿನುದ್ದಕ್ಕೂ ಆತನ ಬೆನ್ನು ಬಿಡಲಿಲ್ಲ. ಆ ಪ್ರಶ್ನೆಯ ಸಲುವಾಗಿಯೇ ಆತನ ಚರಿತ್ರೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ಫ್ರೀಡ್ರಿಶ್ ಮ್ಯಾಕ್ಸ್ ಮುಲ್ಲರನು 1823ನೆಯ ಇಸವಿ ಡಿಸೆಂಬರ್ 6ರಂದು ಜರ್ಮನಿಯ ದೆಸ್ಸೌ ಎಂಬ ಊರಿನಲ್ಲಿ ಜನಿಸಿದನು. ಅಂದು ಜರ್ಮನಿಯು ಒಂದು ರಾಷ್ಟ್ರವಾಗಿರಲಿಲ್ಲ. ಹಲವಾರು ಸಂಸ್ಥಾನಗಳ ಗುಂಪಾಗಿತ್ತು. ದೆಸ್ಸೌ ಅಂತಹ ಒಂದು ಚಿಕ್ಕ ಸಂಸ್ಥಾನದ ರಾಜಧಾನಿ. ತಂದೆ ವಿಲ್ಹೆಲ್ಮ್ ಮುಲ್ಲರನು ಹೆಸರಾಂತ ಕವಿ. ಆತನ ಗೀತೆಗಳಿಗೆ ಶೂಬರ್ಟನು ರಾಗ ಹಾಕಿದ್ದರಿಂದ ಅವು ಇಂದಿಗೂ ಯುರೋಪಿನಲ್ಲಿ ಹಾಡಲ್ಪಡುತ್ತವೆ. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ, 1827ರಲ್ಲಿ, ತಂದೆಯು ತೀರಿಕೊಂಡನು. ತಾಯಿ ಅಡೆಲ್‌ಹೈಡಳು ಅಲ್ಪ ಆದಾಯದಲ್ಲಿ ಮಕ್ಕಳನ್ನು ಸಾಕಿದಳು. ಹುಡುಗನಿಗೆ ಸಂಗೀತದಲ್ಲಿ ಬಹಳ ಆಸೆ. ಪಿಯಾನೋ ವಾದ್ಯದಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ಸಂಗೀತಗಾರನಾಗಿಯೇ ಬಾಳಬೇಕೆಂದು ಒಮ್ಮೆ ಬಯಸಿದ್ದನು. ಕೊನೆಗೆ ಹಳೆಯ ಭಾಷೆಗಳ ಅಭ್ಯಾಸವೇ ಗೆದ್ದಿತು.

1841ರಲ್ಲಿ ಲೀಪ್‌ಜಿಗ್ ವಿಶ್ವವಿದ್ಯಾಲಯವನ್ನು ಸೇರಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಓದತೊಡಗಿದನು. ಅಲ್ಲಿ ಬ್ರಾಕ್‌ಹೌಸ್ ಎಂಬ ಅಧ್ಯಾಪಕನಿಂದ ಸಂಸ್ಕೃತದ ಪರಿಚಯವಾಯಿತು. ಇಪ್ಪತ್ತು ವರ್ಷ ತುಂಬುವ ಮುನ್ನವೇ, 1843ರಲ್ಲಿ, ಸ್ಪಿನೋಜಾ ಎಂಬ ತತ್ತ್ವಜ್ಞಾನಿಯ ಮೇಲೆ ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಪಡೆದನು. ಮರುವರ್ಷ ಹಿತೋಪದೇಶವನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದನು. ಬಳಿಕ ಬರ್ಲಿನ್ ನಗರಕ್ಕೆ ಹೋಗಿ, ಭಾಷೆಗಳ ತೌಲನಿಕ ವ್ಯಾಕರಣಕ್ಕೆ ತಳಹದಿ ಹಾಕಿದ ಬಾಪ್‌ನ ಬಳಿಯಲ್ಲಿಯೂ, ವೃದ್ಧ ತತ್ತ್ವಜ್ಞಾನಿ ಶೆಲ್ಲಿಂಗನ ಬಳಿಯಲ್ಲಿಯೂ ಪಾಠ ಕೇಳಿದನು. ಒಬ್ಬನು ಶಬ್ದದ ಬೇರನ್ನು ಅಗೆದು ತೋರಿಸುವವನು. ಮತ್ತೊಬ್ಬನು ಶಬ್ದದಾಚೆಗಿನ ತತ್ತ್ವವನ್ನು ಅರಸುವವನು. ಈ ಇಬ್ಬರ ಎಳೆತವೂ ಶಿಷ್ಯನಲ್ಲಿ ಕೊನೆಯವರೆಗೂ ಉಳಿಯಿತು.

1845ರಲ್ಲಿ ಆತನು ಪ್ಯಾರಿಸಿಗೆ ಹೋದನು. ಕೈಯಲ್ಲಿ ಹಣವಿರಲಿಲ್ಲ. ಇತರರಿಗಾಗಿ ಹಸ್ತಪ್ರತಿಗಳನ್ನು ನಕಲು ಮಾಡಿಕೊಟ್ಟು ಬಂದ ಹಣದಲ್ಲಿ ಹೊಟ್ಟೆ ಹೊರೆಯಬೇಕಾಗಿತ್ತು. ಅಲ್ಲಿ ಯುಜೀನ್ ಬರ್ನೂಫ್ ಎಂಬ ಮಹಾಪಂಡಿತನು ಋಗ್ವೇದವನ್ನು ಕುರಿತು ಉಪನ್ಯಾಸ ಮಾಡುತ್ತಿದ್ದನು. ಬಿಡಿ ಆಯ್ಕೆಗಳಿಂದಲೂ ಊಹೆಗಳಿಂದಲೂ ಪ್ರಯೋಜನವಿಲ್ಲ, ಇಡೀ ಋಗ್ವೇದವನ್ನು ಸಾಯಣಾಚಾರ್ಯರ ಭಾಷ್ಯಸಹಿತವಾಗಿ ಅಚ್ಚು ಹಾಕಿಸಬೇಕು ಎಂದು ಆತನು ಈ ತರುಣನಿಗೆ ಬೋಧಿಸಿದನು. ಆ ಒಂದು ಸಲಹೆಯು ತರುಣನ ಮುಂದಿನ ಮೂವತ್ತು ವರ್ಷಗಳನ್ನು ನುಂಗಿಹಾಕಿತು.

ಪ್ಯಾರಿಸಿನಲ್ಲಿದ್ದಾಗಲೇ ಮತ್ತೊಂದು ಪ್ರಸಂಗ ನಡೆಯಿತು. ನನಗಂತೂ ಆತನ ಚರಿತ್ರೆಯಲ್ಲೆಲ್ಲ ಇದೇ ಬಹಳ ಹಿಡಿಸಿದೆ. ಕವಿ ರವೀಂದ್ರನಾಥರ ಅಜ್ಜ ದ್ವಾರಕಾನಾಥ ಠಾಕೂರರು ಆಗ ಆ ನಗರದಲ್ಲಿ ಇಳಿದುಕೊಂಡಿದ್ದರು. ಅವರಿಗೆ ಇಟಲಿಯ ಸಂಗೀತದಲ್ಲಿ ಆಸಕ್ತಿ. ಅವರು ಹಾಡುವಾಗ ಮುಲ್ಲರನು ಪಿಯಾನೋ ನುಡಿಸುವನು. ಒಂದು ದಿನ ಭಾರತದ ನಿಜವಾದ ಹಾಡೊಂದನ್ನು ಕೇಳಿಸಬೇಕೆಂದು ಆತನು ಅವರನ್ನು ಒತ್ತಾಯಿಸಿದನು. ಅವರು ಹಾಡಿದರು. ಕೇಳಿದ ತರುಣನು ಅದರಲ್ಲಿ ತನಗೆ ರಾಗವೂ ಕಾಣಲಿಲ್ಲ, ತಾಳವೂ ಕಾಣಲಿಲ್ಲವೆಂದು ಬಾಯಿಬಿಟ್ಟು ಹೇಳಿಬಿಟ್ಟನು. ದ್ವಾರಕಾನಾಥರಿಗೆ ಸಿಟ್ಟು ಬಂದಿತು. ಇಟಲಿಯ ಹಾಡು ಮೊದಲು ಕಿವಿಗೆ ಬಿದ್ದಾಗ ತಮಗೂ ಅದು ಸಂಗೀತವೆನಿಸಿರಲಿಲ್ಲ. ಆದರೂ ಬಿಡದೆ ಕೇಳಿ ಕೇಳಿ ಅದರ ಸೊಗಸನ್ನು ಅರಿತುಕೊಂಡೆವು. ಯುರೋಪಿನವರಾದರೋ ಪರರದು ಮೊದಲನೆಯ ನೋಟಕ್ಕೆ ಹಿಡಿಸದಿದ್ದರೆ ಮುಖ ತಿರುಗಿಸಿಬಿಡುತ್ತಾರೆ. ನಮ್ಮ ಸಂಗೀತಕ್ಕಷ್ಟೇ ಅಲ್ಲ, ನಮ್ಮ ಧರ್ಮಕ್ಕೂ ತತ್ತ್ವಕ್ಕೂ ಅದೇ ಗತಿ ಎಂದು ಅವರು ನಿಷ್ಠುರವಾಗಿ ನುಡಿದರು. ಅರ್ಧ ಶತಮಾನದ ಮೇಲೆ, ಮುಪ್ಪಿನ ಕಾಲದಲ್ಲಿ, ತನ್ನ ಭಾರತೀಯ ಮಿತ್ರರ ನೆನಪುಗಳನ್ನು ಬರೆಯುವಾಗ ಮುಲ್ಲರನು ಈ ಬೈಗುಳವನ್ನು ಮುಚ್ಚಿಡದೆ ದಾಖಲಿಸಿದ್ದಾನೆ.

ಈ ನಗರದಲ್ಲಿ ಬೆಳೆಯುವ ನಿಮಗೆ ಇದು ಹೊಸದಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡದಲ್ಲಿ ಅವಸರವೆಂದರೆ ಆತುರ. ಹಿಂದಿಯಲ್ಲಿ ಅದೇ ಶಬ್ದಕ್ಕೆ ಸಂದರ್ಭವೆಂದು ಅರ್ಥ. ನೆರೆಮನೆಯ ತೆಲುಗರಲ್ಲಿ ಅದು ಅಗತ್ಯ. ಹಿಂದಿಯ ಉಪನ್ಯಾಸವು ಕಾದಂಬರಿ, ನಮ್ಮ ಉಪನ್ಯಾಸವು ಭಾಷಣ. ಗೊತ್ತಿಲ್ಲದ ಶಬ್ದವು ನಮ್ಮನ್ನು ಎಚ್ಚರಿಸುತ್ತದೆ. ಗೊತ್ತಿದೆಯೆಂದು ತೋರುವ ಶಬ್ದವೇ ಮೋಸಗೊಳಿಸುತ್ತದೆ. ಅಕ್ಕಪಕ್ಕದ ಜೀವಂತ ಭಾಷೆಗಳಲ್ಲಿಯೇ ಹೀಗಾದರೆ, ಮೂರು ಸಾವಿರ ವರ್ಷಗಳಾಚೆಯ ಮಂತ್ರಗಳ ಶಬ್ದಗಳು ಎಷ್ಟು ಮೋಸಗೊಳಿಸಬಲ್ಲವು ಎಂಬುದನ್ನು ನೀವೇ ಊಹಿಸಿರಿ.

ಸಾಯಣಾಚಾರ್ಯರು ಕೈಹಾಕಿದ್ದು ಈ ಕಷ್ಟಕ್ಕೇ. ಅವರು ಹದಿನಾಲ್ಕನೆಯ ಶತಮಾನದವರು. ವಿಜಯನಗರದ ಬುಕ್ಕರಾಯ ಮತ್ತು ಎರಡನೆಯ ಹರಿಹರರ ಆಳಿಕೆಯಲ್ಲಿ ಮಂತ್ರಿಗಳಾಗಿದ್ದವರು. ಋಗ್ವೇದದಲ್ಲಿ 1028 ಸೂಕ್ತಗಳಿವೆ; ಮಂತ್ರಗಳು ಹತ್ತು ಸಾವಿರಕ್ಕೂ ಮಿಕ್ಕು. ಸಾಯಣರು ಪದಪದವನ್ನೂ ಹಿಡಿದು, ಅದರ ವ್ಯಾಕರಣ, ಸ್ವರ, ಮಂತ್ರದ ಹಿಂದಿನ ಕಥೆ, ಯಜ್ಞದಲ್ಲಿ ಅದರ ವಿನಿಯೋಗ ಇವನ್ನೆಲ್ಲ ವಿವರಿಸುತ್ತಾರೆ. ಒಂದು ಅರ್ಥ ಸಾಲದೆಂದು ತೋರಿದೆಡೆ ಎರಡನೆಯದನ್ನೂ, ಕೆಲವೊಮ್ಮೆ ಮೂರನೆಯದನ್ನೂ ಕೊಡುತ್ತಾರೆ. ಆದರೆ ಮಂತ್ರಗಳ ಕಾಲಕ್ಕೂ ಸಾಯಣರ ಕಾಲಕ್ಕೂ ನಡುವೆ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚಿನ ಅಂತರ. ಅಷ್ಟು ದೂರದಲ್ಲಿ ನಿಂತವರು ಹೇಳಿದ ಅರ್ಥವು ಋಷಿಗಳ ಮನಸ್ಸಿನ ಅರ್ಥವೇ ಹೌದೆ? ಇದೇ ಮುಂದೆ ಯುರೋಪಿನಲ್ಲಿ ದೊಡ್ಡ ಕಲಹಕ್ಕೆ ಕಾರಣವಾಯಿತು.

1846ರಲ್ಲಿ ಮುಲ್ಲರನು ಹಸ್ತಪ್ರತಿಗಳನ್ನು ನೋಡಲೆಂದು ಇಂಗ್ಲೆಂಡಿಗೆ ಬಂದನು. ಕೆಲವು ವಾರಗಳಲ್ಲಿ ಮರಳುವ ಉದ್ದೇಶವಿತ್ತು. ಜೀವಮಾನವಿಡೀ ಅಲ್ಲಿಯೇ ಉಳಿದನು. ಪ್ರಷ್ಯದ ರಾಯಭಾರಿ ಬುನ್ಸೆನ್ನನ ಪ್ರಯತ್ನದಿಂದಲೂ, ಸಂಸ್ಕೃತ ಪಂಡಿತ ವಿಲ್ಸನ್ನನ ಬೆಂಬಲದಿಂದಲೂ ಮುದ್ರಣದ ವೆಚ್ಚವನ್ನು ಹೊರಲು ಈಸ್ಟ್ ಇಂಡಿಯಾ ಕಂಪನಿಯು 1847ರಲ್ಲಿ ಒಪ್ಪಿತು. ಆಕ್ಸ್‌ಫರ್ಡಿನ ಅಚ್ಚುಕೂಟದ ಬಳಿಯಲ್ಲಿಯೇ ಇರಬೇಕೆಂದು ಆತನು 1848ರಲ್ಲಿ ಆ ಊರಿಗೆ ಬಂದು ನೆಲೆಸಿದನು. 1849ರಲ್ಲಿ ಮೊದಲನೆಯ ಸಂಪುಟವು ಹೊರಬಂದಿತು. ಆರನೆಯದಾದ ಕೊನೆಯ ಸಂಪುಟವು ಬಂದದ್ದು 1874ರಲ್ಲಿ. ಒಂದು ಹಸ್ತಪ್ರತಿಯಲ್ಲಿದ್ದುದು ಮತ್ತೊಂದರಲ್ಲಿಲ್ಲ. ಸಾಯಣರು ಉದಾಹರಿಸುವ ಎಷ್ಟೋ ಗ್ರಂಥಗಳು ಆಗ ಅಚ್ಚಾಗಿಯೇ ಇರಲಿಲ್ಲ. ಒಂದೊಂದು ಮಾತಿನ ಮೂಲವನ್ನು ಹುಡುಕಲು ಪಾಣಿನಿ, ಯಾಸ್ಕ, ಬ್ರಾಹ್ಮಣಗ್ರಂಥಗಳ ಹಸ್ತಪ್ರತಿಗಳನ್ನೆಲ್ಲ ತಡಕಬೇಕಾಗಿತ್ತು. ನಮ್ಮ ಪಂಡಿತರ ಪದ್ಧತಿಯಂತೆ ಸಂಸ್ಕೃತದಲ್ಲಿ ಬರೆದ ಮುಖಪುಟದಲ್ಲಿ ಆತನು ತನ್ನ ಹೆಸರನ್ನು ಮೋಕ್ಷಮೂಲರ ಭಟ್ಟ ಎಂದು ಮಾಡಿಕೊಂಡನು. ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುವ ಕಡವು. ಆದುದರಿಂದ ಅದು ಗೋತೀರ್ಥವಾಯಿತು. ಈ ಅನುವಾದವನ್ನು ಕಂಡು ಯಾರಿಗಾದರೂ ನಗು ಬಂದೀತು. ಆದರೆ ತೀರ್ಥವೆಂಬ ಶಬ್ದಕ್ಕೆ ಮೊದಲ ಅರ್ಥವೇ ನದಿಯನ್ನು ಇಳಿದು ದಾಟುವ ಸ್ಥಳವೆಂಬುದನ್ನು ನೆನೆದರೆ, ಭಟ್ಟನು ಸರಿಯಾಗಿಯೇ ಅರ್ಥಮಾಡಿದ್ದಾನೆಂದು ಒಪ್ಪಬೇಕಾಗುತ್ತದೆ.

ಈಗ ಕಲಹದ ವಿಷಯ. ವಿಲ್ಸನ್ನನು ಸಾಯಣರನ್ನು ಹೆಜ್ಜೆಹೆಜ್ಜೆಗೂ ಅನುಸರಿಸಿ ಋಗ್ವೇದವನ್ನು ಇಂಗ್ಲಿಷಿಗೆ ತಂದನು. ಬರ್ನೂಫನ ಮತ್ತೊಬ್ಬ ಶಿಷ್ಯನಾದ ರೋಥ್ ಎಂಬವನು ಇದಕ್ಕೆ ತೀರ ವಿರುದ್ಧ. ಒಂದು ಶಬ್ದವು ವೇದದಲ್ಲಿ ಎಲ್ಲೆಲ್ಲಿ ಬರುವುದೋ ಅಲ್ಲೆಲ್ಲ ಅದನ್ನು ಹೋಲಿಸಿ ನೋಡಿ, ಸೋದರ ಭಾಷೆಗಳ ನೆರವನ್ನು ಪಡೆದು, ವೇದದಿಂದಲೇ ವೇದದ ಅರ್ಥವನ್ನು ತಿಳಿಯಬೇಕು. ಸಾಯಣರ ಹಂಗೇ ಬೇಡ ಎಂಬುದು ಆತನ ಮತ. ಆತನೂ ಬೋಟ್‌ಲಿಂಗನೂ ಕೂಡಿ ರಚಿಸಿದ ಏಳು ಸಂಪುಟಗಳ ಸಂಸ್ಕೃತ ನಿಘಂಟು 1855ರಿಂದ 1875ರವರೆಗೆ ಪ್ರಕಟವಾಯಿತು. ಇತ್ತ ಗೋಲ್ಡ್‌ಸ್ಟೂಕರ್ ಎಂಬ ಇನ್ನೊಬ್ಬ ಜರ್ಮನ್ ವಿದ್ವಾಂಸನು, ಭಾರತದ ಪರಂಪರೆಯನ್ನು ತಳ್ಳಿಹಾಕುವ ಈ ಧೈರ್ಯವನ್ನು ಕಟುವಾಗಿ ಖಂಡಿಸಿದನು.

ಮುಲ್ಲರನು ಎರಡು ಪಕ್ಷಗಳ ನಡುವೆ ನಿಂತನು. ಇಬ್ಬರಿಂದಲೂ ಏಟು ತಿನ್ನುವ ಸ್ಥಾನವದು. ಸಾಯಣರಿಲ್ಲದಿದ್ದರೆ ಯುರೋಪಿನವರು ವೇದದ ಬಾಗಿಲನ್ನೇ ತೆರೆಯಲಾರದವರಾಗಿದ್ದರು. ಆದರೆ ಬಾಗಿಲು ತೆರೆದವರು ಒಳಗಿನ ಪ್ರತಿಯೊಂದು ಕೋಣೆಯನ್ನೂ ಕಂಡವರಲ್ಲ ಎಂಬುದು ಆತನ ನಿಲುವು. ಒಂದು ನಿದರ್ಶನ ಕೊಡುತ್ತೇನೆ. ಹತ್ತನೆಯ ಮಂಡಲದಲ್ಲಿ ಹಿರಣ್ಯಗರ್ಭ ಸೂಕ್ತವೊಂದಿದೆ. ಅದರಲ್ಲಿ ಋಷಿಯು ಲೋಕದ ಸೃಷ್ಟಿಯನ್ನು ವರ್ಣಿಸುತ್ತ, ಮಂತ್ರಮಂತ್ರದ ಕೊನೆಗೂ ಹವಿಸ್ಸನ್ನು ಯಾವ ದೇವನಿಗೆ ಅರ್ಪಿಸೋಣವೆಂದು ಕೇಳುತ್ತಾನೆ. ಪ್ರಶ್ನೆಗೆ ಬಳಸಿದ ಪದ ‘ಕಸ್ಮೈ’. ಬ್ರಾಹ್ಮಣಗ್ರಂಥಗಳ ಕಾಲಕ್ಕೆ ಬಂದಾಗ, ದೇವತೆಯಿಲ್ಲದ ಮಂತ್ರವಿರಬಾರದೆಂದು ತೋರಿ, ‘ಕ’ ಎಂಬುದೇ ಪ್ರಜಾಪತಿಯ ಹೆಸರಾಯಿತು. ಸಾಯಣರೂ ಆ ಪರಂಪರೆಯನ್ನು ಎತ್ತಿಹಿಡಿದರು. ಹೆಸರೇ ಆಗಿದ್ದರೆ ಚತುರ್ಥೀ ವಿಭಕ್ತಿಯಲ್ಲಿ ‘ಕಾಯ’ ಎಂದಾಗಬೇಕಿತ್ತು; ‘ಕಸ್ಮೈ’ ಎಂದಿರುವುದರಿಂದ ಅದು ಪ್ರಶ್ನೆಯೇ ಎಂದು ವ್ಯಾಕರಣವು ಹೇಳುತ್ತದೆ. ಮುಲ್ಲರನು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಓದಿದನು. ಹೆಸರು ತಿಳಿಯದ ದೇವನನ್ನು ಅರಸುವ ಋಷಿಯ ಹಂಬಲ ಅದರಲ್ಲಿ ಆತನಿಗೆ ಕಂಡಿತು. ಇಲ್ಲಿ ಆತನ ಓದೇ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಬ್ರಾಹ್ಮಣಗ್ರಂಥಗಳ ಕರ್ತೃಗಳನ್ನು ಆತನು ಗೇಲಿ ಮಾಡಿದ್ದು ಸರಿಯಲ್ಲ. ಯಜ್ಞದಲ್ಲಿ ಮಂತ್ರವನ್ನು ಬಳಸಬೇಕಾದವನಿಗೆ ಒಬ್ಬ ದೇವತೆ ಬೇಕಾಗಿದ್ದನು. ಅವನ ಓದಿಗೂ ಒಂದು ಕಾರಣವಿತ್ತು.

ಎಲ್ಲ ಕಡೆಯೂ ಹೊಸಬನು ಗೆದ್ದು ಹಳಬನು ಸೋತನೆಂದು ತಿಳಿಯಬೇಡಿರಿ. ಅದೇ ಮಂಡಲದ ಹದಿನೆಂಟನೆಯ ಸೂಕ್ತವು ಅಂತ್ಯಕ್ರಿಯೆಗೆ ಸಂಬಂಧಿಸಿದ್ದು. ಅದರ ಏಳನೆಯ ಮಂತ್ರವು ಗಂಡಂದಿರು ಬದುಕಿರುವ ಸ್ತ್ರೀಯರನ್ನು ಕುರಿತದ್ದು. ಅವರು ಕಣ್ಣೀರಿಲ್ಲದೆ ಮೊದಲು ಮುಂದೆ ಹೋಗಲಿ ಎನ್ನುವುದು. ‘ಅಗ್ರೇ’ ಎಂಬುದು ಅಲ್ಲಿಯ ಪದ. ಸಹಗಮನವನ್ನು ಸಮರ್ಥಿಸಿದ ಕೆಲವು ಗ್ರಂಥಗಳಲ್ಲಿ ಈ ಪದವು ‘ಅಗ್ನೇಃ’ ಎಂದು ಕಾಣಿಸಿಕೊಂಡಿತು. ಒಂದು ಅಕ್ಷರ ಕದಲಿತು. ಮುಂದೆ ಹೋಗುವವರು ಬೆಂಕಿಗೆ ಹೋಗುವವರಾದರು! ಬರೆಯುವವನ ಕೈತಪ್ಪೋ ಬೇಕೆಂದು ಮಾಡಿದ ಕೈವಾಡವೋ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮುಲ್ಲರನು ಕೈವಾಡವೆಂದೇ ನಂಬಿದನು. ಸಹಗಮನವು 1829ರಲ್ಲಿಯೇ ಬಂಗಾಳದಲ್ಲಿ ಕಾಯಿದೆಯಿಂದ ನಿಂತಿತ್ತು. ಆದರೆ ಅದಕ್ಕೆ ವೇದದ ಅಪ್ಪಣೆಯಿದೆಯೆಂಬ ನಂಬಿಕೆಯು ನಿಂತಿರಲಿಲ್ಲ. 1850ರ ದಶಕದಲ್ಲಿ ವಿಲ್ಸನ್ನನು ಹಸ್ತಪ್ರತಿಗಳನ್ನೂ ಭಾಷ್ಯವನ್ನೂ ಮುಂದಿಟ್ಟು ಸರಿಯಾದ ಪಾಠವನ್ನು ತೋರಿಸಿದನು; 1856ರ ಒಂದು ಪ್ರಬಂಧದಲ್ಲಿ ಮುಲ್ಲರನು ಅದನ್ನು ಎಲ್ಲರಿಗೂ ತಿಳಿಯುವಂತೆ ಸಾರಿದನು. ಮರುಮಂತ್ರದಲ್ಲಿ ಸತ್ತವನ ಮಡದಿಯನ್ನು ಎದ್ದು ಬಾ, ಬದುಕಿರುವವರ ಲೋಕಕ್ಕೆ ಬಾ ಎಂದು ಕರೆದಿರುವುದನ್ನೂ ಎತ್ತಿ ತೋರಿಸಿದನು. ಇಲ್ಲಿ ಸತ್ಯಕ್ಕೆ ಸಾಕ್ಷಿಯಾಗಿ ನಿಂತವರು ಸಾಯಣರೇ. ಅವರ ಭಾಷ್ಯವು ‘ಅಗ್ರೇ’ ಎಂಬ ಪಾಠವನ್ನೇ ಕಾಪಾಡಿಕೊಂಡು ಬಂದಿತ್ತು. ಗ್ರಂಥಸಂಪಾದನೆಯು ಬರಿಯ ಪಂಡಿತರ ಕಸರತ್ತು ಎನ್ನುವವರು ಈ ಎರಡು ಮಂತ್ರಗಳನ್ನು ನೋಡಬೇಕು.

1860ರಲ್ಲಿ ಆತನಿಗೆ ದೊಡ್ಡ ಸೋಲಾಯಿತು. ವಿಲ್ಸನ್ನನು ತೀರಿಕೊಂಡಿದ್ದರಿಂದ ಆಕ್ಸ್‌ಫರ್ಡಿನ ಬೋಡನ್ ಸಂಸ್ಕೃತಪೀಠವು ತೆರವಾಗಿತ್ತು. ಅದನ್ನು ತುಂಬುವುದು ಪದವೀಧರರ ಮತದಿಂದ. ಭಾರತೀಯರನ್ನು ಕ್ರೈಸ್ತಮತಕ್ಕೆ ತಿರುಗಿಸಲು ನೆರವಾಗಲೆಂಬ ಉದ್ದೇಶದಿಂದ ದಾನಿಯು ಆ ಪೀಠವನ್ನು ಸ್ಥಾಪಿಸಿದ್ದನು. ಮುಲ್ಲರನು ಪರದೇಶದವನು, ಮೇಲಾಗಿ ಆತನ ಕ್ರೈಸ್ತಶ್ರದ್ಧೆಯು ಸಡಿಲವೆಂದು ಪಾದ್ರಿಗಳಿಗೆ ಸಂಶಯ. 833 ಮತಗಳು ಮೋನಿಯರ್ ವಿಲಿಯಮ್ಸನಿಗೂ 610 ಮತಗಳು ಮುಲ್ಲರನಿಗೂ ಬಿದ್ದವು. ಈ ಗಾಯವು ಆತನಲ್ಲಿ ಬಹುಕಾಲ ಮಾಯಲಿಲ್ಲ. 1868ರಲ್ಲಿ ಆತನಿಗಾಗಿಯೇ ತೌಲನಿಕ ಭಾಷಾಶಾಸ್ತ್ರದ ಪೀಠವೊಂದನ್ನು ಏರ್ಪಡಿಸಲಾಯಿತು.

ಹಾಗೆಂದು ಆತನನ್ನು ಕ್ರೈಸ್ತಮತದ ಪಕ್ಷಪಾತವಿಲ್ಲದವನೆಂದು ತಿಳಿದರೆ ಅದೂ ತಪ್ಪಾದೀತು. 1860ರ ದಶಕದಲ್ಲಿ ಮಡದಿ ಜಾರ್ಜೀನಳಿಗೆ ಬರೆದ ಪತ್ರವೊಂದರಲ್ಲಿ, ವೇದವೆಂಬ ಬೇರನ್ನು ಭಾರತೀಯರಿಗೆ ತೋರಿಸಿದರೆ ಅದರಿಂದ ಮೂರು ಸಾವಿರ ವರ್ಷ ಬೆಳೆದದ್ದು ಕಿತ್ತುಬರುವುದೆಂಬ ಆಸೆಯನ್ನು ತೋಡಿಕೊಂಡಿದ್ದಾನೆ. ಆತನ ಮರಣಾನಂತರ ಅವಳು ಪತ್ರಗಳನ್ನು ಪ್ರಕಟಿಸಿದಾಗ ಇದು ಬೆಳಕಿಗೆ ಬಂದಿತು. ನಮ್ಮಲ್ಲಿ ಕೆಲವರು ಈ ಒಂದು ಪತ್ರವನ್ನು ಹಿಡಿದು ಆತನನ್ನು ವೈರಿಯೆಂದು ಕರೆಯುತ್ತಾರೆ. ಮತ್ತೆ ಕೆಲವರು ಅದನ್ನು ಕಂಡರೂ ಕಾಣದಂತೆ ಮಹರ್ಷಿಯೆಂದು ಕರೆಯುತ್ತಾರೆ. ಇಬ್ಬರೂ ಪುಸ್ತಕವನ್ನು ಒಂದೇ ಪುಟದಲ್ಲಿ ಓದಿ ಮುಗಿಸುವವರು. ಆತನ ತಪ್ಪುಗಳು ಬೇರೆಯೂ ಇದ್ದವು. ವೇದಮಂತ್ರಗಳಿಗೆ ಕ್ರಿಸ್ತಪೂರ್ವ 1200ರ ಆಸುಪಾಸಿನ ಕಾಲವನ್ನು 1859ರಲ್ಲಿ ಸೂಚಿಸಿದ್ದು ಬರಿಯ ಲೆಕ್ಕಾಚಾರದ ಊಹೆ. ಲೋಕವು ಅದನ್ನೇ ಸಿದ್ಧಾಂತವೆಂದು ಹಿಡಿದುಕೊಂಡಿತು. ಮುಂದೆ ಆತನೇ ಆ ಕಾಲವನ್ನು ನಿಶ್ಚಯಿಸಲು ಸಾಧ್ಯವಿಲ್ಲವೆಂದು ಹೇಳಬೇಕಾಯಿತು. ಆರ್ಯ ಎಂಬ ಶಬ್ದವನ್ನು ತರುಣನಾಗಿದ್ದಾಗ ಸಡಿಲವಾಗಿ ಬಳಸಿದನು. ಅದು ಭಾಷೆಯ ಹೆಸರೇ ಹೊರತು ರಕ್ತದ ಹೆಸರಲ್ಲವೆಂದು 1888ರಲ್ಲಿ ಗಟ್ಟಿಯಾಗಿ ಹೇಳುವ ಹೊತ್ತಿಗೆ ಆ ಶಬ್ದವು ಆತನ ಕೈಮೀರಿ ಹೋಗಿತ್ತು.

1876ರಲ್ಲಿ ಹಿರಿಯ ಮಗಳು ಆಡಾ ತೀರಿಕೊಂಡಳು. ಆ ದುಃಖದ ನಡುವೆಯೇ ಆತನು ಪೂರ್ವದೇಶಗಳ ಪವಿತ್ರ ಗ್ರಂಥಗಳ ಅನುವಾದಮಾಲೆಯನ್ನು ಕಟ್ಟತೊಡಗಿದ್ದನು. 1879ರಿಂದ 1910ರವರೆಗೆ ಅದರಲ್ಲಿ ಐವತ್ತು ಸಂಪುಟಗಳು ಬಂದವು. ಹಿಂದೂ, ಬೌದ್ಧ, ಜೈನ, ಪಾರಸಿ, ಇಸ್ಲಾಂ ಮತ್ತು ಚೀನದ ಧರ್ಮಗ್ರಂಥಗಳು ಒಂದೇ ಸಾಲಿನಲ್ಲಿ ಕುಳಿತವು. ಉಪನಿಷತ್ತುಗಳನ್ನೂ ಧಮ್ಮಪದವನ್ನೂ ಆತನೇ ಅನುವಾದಿಸಿದನು. ಭಗವದ್ಗೀತೆಯನ್ನು ಅನುವಾದಿಸಿದವರು, ಮುಂದೆ ನಮ್ಮ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದ ಕಾಶೀನಾಥ ತ್ರ್ಯಂಬಕ ತೇಲಂಗರು. ಆ ಸಂಪುಟವು 1882ರಲ್ಲಿ ಬಂದಿತು. ಥೀಬೋ ಎಂಬ ವಿದ್ವಾಂಸನು ಬ್ರಹ್ಮಸೂತ್ರಗಳನ್ನು ಮೊದಲು ಶಂಕರಭಾಷ್ಯದೊಡನೆಯೂ ಆಮೇಲೆ ರಾಮಾನುಜಭಾಷ್ಯದೊಡನೆಯೂ ಅನುವಾದಿಸಿದನು. ಸೂತ್ರವೊಂದೇ, ದರ್ಶನವೆರಡು! ಪರಸ್ಪರ ವಿರುದ್ಧವಾದ ಎರಡು ಭಾಷ್ಯಗಳನ್ನು ಒಂದೇ ಮಾಲೆಯಲ್ಲಿ ಓದುಗನ ಮುಂದಿಟ್ಟದ್ದು ದೊಡ್ಡ ಔದಾರ್ಯವೆಂದೇ ನಾನು ಭಾವಿಸುತ್ತೇನೆ.

ಋಗ್ವೇದದ ಮೊದಲ ಮುದ್ರಣದ ಪ್ರತಿಗಳು ತೀರಿದ ಮೇಲೆ ಎರಡನೆಯದು 1890ರಿಂದ 1892ರೊಳಗೆ ನಾಲ್ಕು ಸಂಪುಟಗಳಲ್ಲಿ ಬಂದಿತು. ಅದರ ವೆಚ್ಚವನ್ನು ವಹಿಸಿದವರು ವಿಜಯನಗರಂ ಮಹಾರಾಜರು. ಭಾಷ್ಯವು ಹುಟ್ಟಿದ್ದು ತುಂಗಭದ್ರೆಯ ತೀರದ ವಿಜಯನಗರದ ಆಶ್ರಯದಲ್ಲಿ. ಮಹಾರಾಜರ ವಿಜಯನಗರಂ ಆಂಧ್ರದ ಕರಾವಳಿಯ ಕಡೆಯದು. ಎರಡನ್ನೂ ಒಂದೇ ಮಾಡಿಕೊಂಡು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ.

1896ರ ಮೇ 28ರಂದು ಸ್ವಾಮಿ ವಿವೇಕಾನಂದರು ಆಕ್ಸ್‌ಫರ್ಡಿಗೆ ಹೋಗಿ ವೃದ್ಧನನ್ನು ಕಂಡರು. ಆತನು ಶ್ರೀರಾಮಕೃಷ್ಣರ ವಿಷಯವನ್ನು ಆಸಕ್ತಿಯಿಂದ ವಿಚಾರಿಸಿದನು. ರಾತ್ರಿ ಅವರನ್ನು ಬೀಳ್ಕೊಡಲು ರೈಲ್ವೆ ನಿಲ್ದಾಣದವರೆಗೂ ಬಂದನು. 1898ರಲ್ಲಿ ಶ್ರೀರಾಮಕೃಷ್ಣರ ಮೇಲೆ ಒಂದು ಪುಸ್ತಕವನ್ನೂ ಬರೆದನು. ಸಾಯಣಾಚಾರ್ಯರೇ ತಮ್ಮ ಭಾಷ್ಯವನ್ನು ಉದ್ಧರಿಸಲು ಮ್ಯಾಕ್ಸ್ ಮುಲ್ಲರನಾಗಿ ಮರಳಿ ಹುಟ್ಟಿದ್ದಾರೆಂದು ತಮಗೆ ಅನಿಸುವುದಾಗಿ ಸ್ವಾಮಿಗಳು ಮುಂದೆ ಶಿಷ್ಯನೊಬ್ಬನಿಗೆ ಹೇಳಿದರು.

ಲೋಕಮಾನ್ಯ ತಿಲಕರೊಡನೆ ಆತನ ಸಂಬಂಧವು ಇನ್ನೊಂದು ಬಗೆಯದು. ವೇದಗಳ ಕಾಲವನ್ನು ನಕ್ಷತ್ರಗಳ ಆಧಾರದಿಂದ ಬಹಳ ಹಿಂದಕ್ಕೆ ಒಯ್ದ ತಿಲಕರ ವಾದವನ್ನು ಆತನು ಒಪ್ಪಿರಲಿಲ್ಲ. ಆದರೆ 1897ರಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಮುಂಬಯಿ ಹೈಕೋರ್ಟು ತಿಲಕರಿಗೆ ಹದಿನೆಂಟು ತಿಂಗಳ ಸೆರೆವಾಸವನ್ನು ವಿಧಿಸಿದಾಗ, ಅವರನ್ನು ಬಿಡಿಸಬೇಕೆಂದು ರಾಣಿಗೆ ಸಲ್ಲಿಸಿದ ವಿಜ್ಞಾಪನೆಗೆ ಆತನು ಸಹಿ ಹಾಕಿದನು. ತನ್ನ ಋಗ್ವೇದದ ಎರಡನೆಯ ಮುದ್ರಣವನ್ನು ಸೆರೆಮನೆಗೆ ಕಳುಹಿಸಿಕೊಟ್ಟನು. ತಿಲಕರು 1898ರಲ್ಲಿ ಬಿಡುಗಡೆಯಾದರು. ಸೆರೆಯಲ್ಲಿ ಆ ಗ್ರಂಥವನ್ನು ಓದುತ್ತ ಹೊಳೆದ ವಿಚಾರಗಳಿಂದ ಅವರು ಮತ್ತೊಂದು ಪುಸ್ತಕವನ್ನು ಬರೆದು 1903ರಲ್ಲಿ ಪ್ರಕಟಿಸಿದರು. ಅದರ ಸಿದ್ಧಾಂತವನ್ನೂ ಮುಲ್ಲರನು ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ. ಅಷ್ಟರಲ್ಲಿ ಆತನು ಇರಲಿಲ್ಲ.

1900ನೆಯ ಇಸವಿ ಅಕ್ಟೋಬರ್ 28ರಂದು ಆತನು ಗೋತೀರ್ಥದಲ್ಲಿಯೇ ಕೊನೆಯುಸಿರೆಳೆದನು. ಆತನ ಸ್ವಂತ ಪುಸ್ತಕಭಂಡಾರವನ್ನು ಜಪಾನಿನ ಟೋಕಿಯೋ ವಿಶ್ವವಿದ್ಯಾಲಯಕ್ಕಾಗಿ ಕೊಂಡುಕೊಳ್ಳಲಾಯಿತು. 1923ರ ಭೂಕಂಪದಲ್ಲಿ ಎದ್ದ ಬೆಂಕಿಗೆ ಅದು ಆಹುತಿಯಾಯಿತು. ಋಗ್ವೇದದ ಸಾಯಣಭಾಷ್ಯವನ್ನು ಇನ್ನೂ ಹೆಚ್ಚಿನ ಹಸ್ತಪ್ರತಿಗಳೊಡನೆ ಹೋಲಿಸಿ ತಿದ್ದಿ ಮುದ್ರಿಸುವ ಕೆಲಸವನ್ನು ಪುಣೆಯ ವೈದಿಕ ಸಂಶೋಧನ ಮಂಡಲವು ಕೈಗೆತ್ತಿಕೊಂಡಿತು. ಆ ಸಂಪುಟಗಳು 1933ರಿಂದ 1951ರವರೆಗೆ ಹೊರಬಂದವು.